ಜಿತಾಡದ ಮರಿಗಳು

"ಸಾಬವ್ವಾ, ಏಳು ಲಗೂ! ಟ್ರಕ್ ನಿಂತದ."

ಏರಿಯ ಮೇಲಿನಿಂದ ಗಂಡ ಮಾಪಣ್ಣ ಕೂಗಿದಾಗ ಸಾಬವ್ವ ಡ್ರಮ್ಮಿಗೆ ಇನ್ನೊಂದು ತಂಬಿಗೆ ಕೆರೆಯ ನೀರು ಸುರಿಯುತ್ತಿದ್ದಳು. ಒಳಗೆ ಬೆರಳುದ್ದದ ಜಿತಾಡ ಮೀನಿನ ಮರಿಗಳು. ಬೆಳಿಗ್ಗೆಯಷ್ಟೇ, ಸಮುದ್ರದ ಉಪ್ಪುನೀರು ಒಳನುಗ್ಗುವ ಬೇಲಾಪುರದ ಖಾಡಿಯಲ್ಲಿ ಬಲೆಗೆ ಬಿದ್ದಿದ್ದವು. ಅವನ್ನೀಗ ಸಿಹಿನೀರಿನ ಕೆರೆಗೆ ಬಿಡಬೇಕಿತ್ತು.

"ಏಕದಂ ನಕೋ," ಎಂದು ಕೆರೆಯ ಒಡತಿ ಚಾಂಗುಣಾಬಾಯಿ ಎಚ್ಚರಿಸಿ ಹೋಗಿದ್ದಳು. ಒಮ್ಮೆಲೇ ಬಿಟ್ಟರೆ ಸಿಹಿನೀರು ಮೈಯೊಳಗೆ ನುಗ್ಗಿ ಮರಿಗಳು ಉಬ್ಬಿ ಸಾಯುತ್ತವೆ. ಸ್ವಲ್ಪ ಸ್ವಲ್ಪವೇ ಬದಲಿಸಿದರೆ ಮೈಯ ಉಪ್ಪು ಸೋರಿಹೋಗದಂತೆ ಹಿಡಿದಿಟ್ಟುಕೊಳ್ಳುವುದನ್ನು ಕಿವಿರು ಕಲಿಯುತ್ತದೆ. ಸಿಹಿನೀರಿನಲ್ಲೇ ಹುಟ್ಟಿದ ಕಟ್ಲಾ ಮೀನಿಗೆ ಆ ವಿದ್ಯೆ ಬಾರದು; ಖಾಡಿಯ ನೀರು ಏರಿಯನ್ನು ಒಡೆದು ಕೆರೆಗೆ ನುಗ್ಗಿದ ವರ್ಷ ಒಂದೂ ಉಳಿದಿರಲಿಲ್ಲ. ಈ ಮರಿಗಳನ್ನು ಉಳಿಸಿಕೊಟ್ಟರೆ ಕೆರೆ ಕಾವಲಿನ ಕೆಲಸವೂ ಇರಲು ಏರಿಯ ಮೇಲಿನ ಖೋಲಿಯೂ ಸಾಬವ್ವನದು.

ಮಾಪಣ್ಣ ಹಾಸಿಗೆಯ ಗಂಟು ಹೊತ್ತು ಕೆಳಗಿಳಿದು ಬಂದ. ಅವರ ಕೂಲಿ ಗ್ಯಾಂಗು ಇಲ್ಲಿಯ ಸ್ಟೇಷನ್ ಕಟ್ಟುವ ಕೆಲಸ ಮುಗಿಸಿ ಘೋಡಬಂದರ್ ರಸ್ತೆಯ ಹೊಸ ಬಿಲ್ಡಿಂಗಿಗೆ ಹೊರಟಿತ್ತು.

"ಮೀನ ಕಾಯ್ಕೋತ ಕುಂದ್ರಾಕ ಕಲಬುರ್ಗಿಲಿಂದ ಬಂದೀವೇನು?"

"ನಾ ಬರಂಗಿಲ್ಲ."

"ಅಂದ್ರ?"

ಸಾಬವ್ವ ತುಂಬಿದ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡಳು. "ಹ್ವಾದ ವರ್ಷ ಆರನೇ ಮಾಳಿಗಿಗಿ ಇಟ್ಟಂಗಿ ಹೊತ್ತು ಕೂಸು ಕಳ್ಕೊಂಡೆ. ಮಣ್ಣು ಮಾಡಿ ಬಂದು ಮರುದಿನಾನೇ ಮತ್ತ ಹೊತ್ತೆ. ಈ ಸಲ ಹೊರಂಗಿಲ್ಲ. ನೀ ಹೋಗೂದಿದ್ರ ಹೋಗು."

ಟ್ರಕ್ಕಿನ ಹಾರ್ನು ಎರಡು ಸಲ ಕೂಗಿತು. ಮಾಪಣ್ಣ ಗಂಟು ಬಿಚ್ಚಿ, ಕೌದಿಯನ್ನು ಅವಳ ಪಕ್ಕದ ಕಲ್ಲಿನ ಮೇಲಿಟ್ಟು, ಉಳಿದದ್ದನ್ನು ಕಟ್ಟಿಕೊಂಡು ಏರಿ ಹತ್ತಿದ. ಹೊರಳಿ ನೋಡಲಿಲ್ಲ. ಸಾಬವ್ವನಿಗೆ ಕಣ್ಣೀರು ಬಂತು. ಒರೆಸಿಕೊಳ್ಳಲು ಹೋದರೆ ತಂಬಿಗೆ ಕೆಳಗಿಡಬೇಕು, ಅವಳು ಇಡಲಿಲ್ಲ.

ಸಂಜೆ ಚಾಂಗುಣಾಬಾಯಿ ಬಂದು ಡ್ರಮ್ಮಿನ ನೀರನ್ನು ನಾಲಿಗೆಗೆ ಮುಟ್ಟಿಸಿ, ಇನ್ನು ಬಿಡಬಹುದೆಂದು ತಲೆಯಾಡಿಸಿದಳು. ಇಬ್ಬರೂ ಸೇರಿ ಡ್ರಮ್ಮು ಬಾಗಿಸಿದರು. ನಾಲ್ಕಾರು ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಉಳಿದವು ದಡದಲ್ಲೇ ಗುಂಪಾಗಿ ನಿಂತಿದ್ದು, ಆಮೇಲೆ ಒಂದರ ಹಿಂದೊಂದು ಹಸಿರು ನೀರಿಗಿಳಿದವು.

ಖೋಲಿಯ ತುಂಬ ಹಳೆಯ ಬಲೆಗಳು. ಅವನ್ನು ಮೂಲೆಗೆ ಸರಿಸುತ್ತ ಚಾಂಗುಣಾಬಾಯಿ ಎಷ್ಟು ಜನಕ್ಕೆ ಜಾಗ ಬೇಕೆಂದು ಕೇಳಿದಳು: "ಜಗಾ ಕಿತ್ನಾ ಮಾಂಗ್ತಾ? ಏಕ್ ಕಾ, ದೋ ಕಾ?"

ಸಾಬವ್ವ ಬಾಗಿಲಾಚೆ ನೋಡಿದಳು. ಟ್ರಕ್ಕು ಹೋದ ದಾರಿಯಲ್ಲಿ ಯಾರೂ ಇರಲಿಲ್ಲ.

"ತೀನ್ ಕಾ," ಎಂದು ಮೂರು ಬೆರಳೆತ್ತಿ, ಅವಳೂ ಬಲೆಯ ತುದಿ ಹಿಡಿದು ಎಳೆದಳು. ಗಂಟುಗಳಲ್ಲಿ ಒಣಗಿದ್ದ ಮೀನಿನ ಹುರುಪೆಗಳು ಉದುರಿ, ನೆಲವೆಲ್ಲ ಸಂಜೆಬಿಸಿಲಿಗೆ ಮಿನುಗಿತು.