ರೋಲಿನೊಳಗಿನ ಕರಡಿ

ತನ್ನ ಅಂಗಡಿಗೆ ಕರಡಿ ನುಗ್ಗಿ, ಕುರ್ಚಿ ಏರಿ ಕೂತಿತ್ತೆಂದು ಕ್ಷೌರಿಕ ಇಪ್ಪತ್ತು ವರ್ಷಗಳಿಂದ ಹೇಳುತ್ತಲೇ ಇದ್ದ. ಅದರ ಫೋಟೋವನ್ನೂ ತೆಗೆದಿದ್ದ. ಆದರೆ ಕ್ಯಾಮೆರಾದ ಫಿಲ್ಮ್ ರೋಲಿನಲ್ಲಿ ಇನ್ನೂ ಜಾಗವಿತ್ತು. ಪೂರ್ತಿ ಮುಗಿಸಿಯೇ ತೊಳೆಸೋಣವೆಂದುಕೊಂಡ. ಆ ಕರಡಿಯ ನಂತರ ಫೋಟೋ ತೆಗೆಯುವಂಥದ್ದು ಇನ್ನೊಂದು ಅವನ ಕಣ್ಣಿಗೆ ಬೀಳಲೇ ಇಲ್ಲ. ಮಗಳ ಮದುವೆಯ ದಿನ ಕೂಡ ಕ್ಯಾಮೆರಾ ಎತ್ತಿದವನು, ಯಾಕೋ ಮನಸ್ಸು ಬಾರದೆ ಕೆಳಗಿಟ್ಟುಬಿಟ್ಟ.

"ನಿಮ್ಮ ಕರಡಿ ಕಟಿಂಗ್ ಮಾಡಿಸ್ಕೊಂಡು ಹೋಯ್ತೋ, ಶೇವಿಂಗೋ?" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಕೇಳಿ ಕೇಳಿ ರೋಸಿಹೋಗಿ, ಒಂದು ದಿನ ಅವನು ರೋಲನ್ನು ಜೇಬಿಗಿಳಿಸಿಕೊಂಡು ಹೊರಟ.

ಫೋಟೋ ಸ್ಟುಡಿಯೋದವನು ಈಗ ಮೊಬೈಲ್ ಕವರ್ ಮಾರುತ್ತಿದ್ದ. "ಡಾರ್ಕ್‌ರೂಮಾ? ಅದರಲ್ಲೀಗ ನಮ್ಮತ್ತೆ ಮಲಗ್ತಾರೆ. ಬೆಳಕು ಬಿದ್ರೆ ಅವರಿಗೂ ಆಗಲ್ಲ," ಎಂದ. "ದನದ ಆಸ್ಪತ್ರೇಲಿ ಕೇಳು. ಅಲ್ಲಿನ್ನೂ ಎಕ್ಸ್‌ರೇನ ಕೈಯಲ್ಲೇ ತೊಳೀತಾರಂತೆ."

ಆಸ್ಪತ್ರೆಯ ಎಕ್ಸ್‌ರೇಯವನು ತಲೆಯೆತ್ತದೆ ಕೇಳಿದ, "ಯಾವ ಪ್ರಾಣಿ?"

"ಕರಡಿ."

"ಏನಾಗಿದೆ?"

"ಇಪ್ಪತ್ತು ವರ್ಷದಿಂದ ಹೊರಗೇ ಬಂದಿಲ್ಲ ಸಾರ್."

"ಹೊಟ್ಟೆಗೇನಾದ್ರೂ ತಗೊಳ್ಳುತ್ತಾ?"

"ಇಲ್ಲ ಸಾರ್. ಇದರೊಳಗಿದೆ," ಎಂದು ಕ್ಷೌರಿಕ ರೋಲನ್ನು ಮೇಜಿನ ಮೇಲಿಟ್ಟ.

ಎಕ್ಸ್‌ರೇಯವನು ಅದನ್ನೂ ನೋಡಿದ, ಇವನನ್ನೂ ನೋಡಿದ. "ಪ್ರಾಣಿ ಇಲ್ದೆ ತೊಳೆಯೋ ಔಷಧಿ ಮುಟ್ಟೋ ಹಾಗಿಲ್ಲ. ಇದೆ ಅಂತೀಯಲ್ಲ, ಸರಿ, ಕೂತ್ಕೋ." ಕಾಲು ಮುರಿದ ಕರುವೊಂದರ ಎಕ್ಸ್‌ರೇ ಜೊತೆಗೇ ರೋಲನ್ನೂ ತೊಳೆದುಕೊಟ್ಟ.

ಕರಡಿ ಇತ್ತು! ಕುರ್ಚಿಗೆ ಬೆನ್ನು ಒರಗಿಸಿ, ಗಿರಾಕಿಯ ಹಾಗೇ ಕನ್ನಡಿ ನೋಡುತ್ತಾ ಕೂತಿತ್ತು. ಆದರೆ ಪ್ರಿಂಟ್ ಹಾಕುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಅಂಗಡಿಯಲ್ಲಿ ನೆಗೆಟಿವನ್ನೇ ಬೆಳಕಿಗೆ ಹಿಡಿದು ತೋರಿಸಿದ.

"ಬಿಳಿ ಕರಡಿ!" ಮುಖಕ್ಕೆ ಸೋಪು ಬಳಿಸಿಕೊಂಡಿದ್ದ ದರ್ಜಿ ಬಿದ್ದು ಬಿದ್ದು ನಕ್ಕ. "ಮಂಜುಗಡ್ಡೆ ಮೇಲೆ ಜಾರ್ಕೊಂಡು ಬಂತಾ?"

"ನೆಗೆಟಿವ್ ಕಣಯ್ಯಾ, ಇದರಲ್ಲಿ ಎಲ್ಲಾ ಉಲ್ಟಾ."

"ನಿನ್ನ ಮಾತಿನ ಹಾಗೇ ಅನ್ನು!"

ಜೋಲು ಮುಖ ಹಾಕಿಕೊಂಡು ಮನೆಗೆ ಬಂದು, ನೆಗೆಟಿವನ್ನು ಹೆಂಡತಿಯ ಕೈಗಿಟ್ಟ. ಅವಳು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

"ರೀ, ಇಷ್ಟು ಹತ್ತಿರದಿಂದಾನಾ? ಓಡಿಹೋಗೋದು ಬಿಟ್ಟು ಫೋಟೋ ತೆಗೀತಾ ನಿಂತಿದ್ರಾ? ಮನೇಲಿ ಮಗು ಇನ್ನೂ ಅಂಬೆಗಾಲಿಡ್ತಿತ್ತು! ನಿಮಗೇನಾದ್ರೂ ಆಗಿದ್ದಿದ್ರೆ ನಾನೆಲ್ಲಿಗೆ ಹೋಗ್ಬೇಕಿತ್ತು?"

ಅವಳು ಬೈದಳು, ಕಣ್ಣೊರೆಸಿಕೊಂಡಳು, ಮತ್ತೆ ಬೈದಳು. ಕ್ಷೌರಿಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಅಂದ, "ಓಡೋಣ ಅಂದ್ರೆ ಬಾಗಿಲು ಬೇರೆ ಹಾಕ್ಕೊಂಡುಬಿಟ್ಟಿತ್ತು ಕಣೇ."