ಮಗಳಿಗೆ ತಂದ ಮೆಟ್ಟುಗತ್ತಿ

ಯಲ್ಲಮ್ಮನ ಮನೆಯ ಜಗಲಿಯ ಮೇಲೆ ಈಗ ಎರಡು ಮೆಟ್ಟುಗತ್ತಿಗಳಿದ್ದವು. ಒಂದು ಹಳೆಯದು, ಮಸೆದು ಮಸೆದು ಸವೆದದ್ದು, ಅದು ಅವಳದು. ಇನ್ನೊಂದು ಹೊಚ್ಚ ಹೊಸದು. ಭದ್ರಾವತಿಯ ಕಮ್ಮಾರನಿಗೆ ಹೇಳಿ ಮಗಳು ಅಕ್ಷಯಾಳಿಗೆಂದೇ ಮಾಡಿಸಿ ತಂದದ್ದು.

ಮಲವಗೊಪ್ಪದ ಆ ಕೇರಿಯಲ್ಲಿ ಹೊಸ ಕತ್ತಿ ಬಂತೆಂದರೆ ಏನರ್ಥ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸುಲಿಯುವ ಹೆಂಗಸರು ಮಣೆಗೆ ಕೂರಿಸಿದ ಈ ಕತ್ತಿಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ದಿನವಿಡೀ ಕೂರುತ್ತಾರೆ; ಸುಲಿದ ಅಡಿಕೆ ಎಷ್ಟು ಡಬ್ಬ ತುಂಬಿತೋ ಅಷ್ಟು ಕೂಲಿ. ಮಕ್ಕಳೂ ಪಕ್ಕದಲ್ಲಿ ಕೂತು ಅಮ್ಮನ ಡಬ್ಬ ತುಂಬಿಸಲು ಕೈ ಜೋಡಿಸುವುದುಂಟು. ಅವರಿಗೆ ಯಾರೋ ಬಿಟ್ಟ ಮೊಂಡುಗತ್ತಿಯೇ ಸಾಕು. ಸ್ವಂತ ಕತ್ತಿ ಬಂದ ಹುಡುಗಿ ಮಾತ್ರ ಅಂದಿನಿಂದ ಆಳು. ಅವಳ ಓದು ಅಲ್ಲಿಗೆ ಮುಗಿಯಿತೆಂದು ಕೇರಿಗೆಲ್ಲ ಗೊತ್ತಾಗುತ್ತದೆ, ಯಾರೂ ಏನೂ ಕೇಳುವುದಿಲ್ಲ.

ಸರ್ವರ್ ಬೀ ಹಾಗೆ ಕೇಳದೆ ಬಿಡುವ ಹೆಂಗಸಲ್ಲ. ಪಕ್ಕದ ಮನೆಯವಳು, ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಅಂದು ಸಂಜೆ ಶಾಲೆಯಿಂದ ಬಂದವಳು ಮನೆಗೂ ಹೋಗದೆ ನೇರ ಯಲ್ಲಮ್ಮನ ಜಗಲಿಗೆ ಬಂದು ಕೂತಳು.

“ಇದು ಯಾರಿಗೆ ಯಲ್ಲಮ್ಮ, ಹೊಸದು?”

“ಅಕ್ಷಯಾಗೆ ಕಣಕ್ಕ. ಇನ್ನೇನು ಸುಲಿತ ಶುರುವಾಗುತ್ತಲ್ಲ. ಸುಲಿಯೋ ಶೆಡ್ಡಿನ ಪರಮೇಶಣ್ಣ ಗಾಡಿ ಕಳಿಸ್ತೀನಿ ಅಂದಿದಾರೆ. ಇವಳ ಹೆಸರೂ ಹೇಳಿಬಿಟ್ಟಿದೀನಿ.”

“ಮತ್ತೆ ಓದು?”

“ಎಲ್ಲಿಯ ಓದು? ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೋಯ್ತಲ್ಲ. ಅವಳ ಹಣೇಲಿ ಅಷ್ಟೇ ಬರೆದಿರೋದು, ಬಿಡಕ್ಕ.”

ಯಲ್ಲಮ್ಮನನ್ನು ಬೈಯಬೇಡಿ. ರಿಸಲ್ಟ್ ಬಂದ ದಿನ ಮಗಳಿಗಿಂತ ಹೆಚ್ಚು ಅತ್ತವಳು ಅವಳೇ. ಆಮೇಲೆ ಅಳುವುದಕ್ಕೂ ಸುಸ್ತಾಯಿತು. ಬೆನ್ನು ನೋವು, ಮಂಡಿ ನೋವು, ಅಡಿಕೆ ಚೊಗರಿಗೆ ಕಪ್ಪಾಗಿ ಬಿರಿದ ಬೆರಳು. ಗಂಡ ಮಂಜಪ್ಪ ಭದ್ರಾವತಿಯ ವರ್ಕ್‌ಶಾಪಿನಲ್ಲಿ ದುಡಿದು ಬಂದು ಉಂಡ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಇಂಥ ಮನೆಯಲ್ಲಿ ಫೇಲ್ ಎಂಬ ಮಾತು ಬಿದ್ದರೆ ಅದನ್ನು ಎತ್ತಿ ಇನ್ನೊಮ್ಮೆ ನೋಡುವ ತ್ರಾಣ ಯಾರಿಗಿರುತ್ತದೆ?

ಸರ್ವರ್ ಬೀ ಸೆರಗಿನಿಂದ ಮುಖ ಒರೆಸಿಕೊಂಡಳು. “ಕೇಳಿಲ್ಲಿ. ಇವತ್ತು ಗಣಿತದ ಸುಪ್ರಿಯಾ ಮೇಡಂ ಶಾಲೆ ಅಡುಗೆಮನೆಗೇ ಬಂದಿದ್ರು. ‘ಅಕ್ಷಯಾ ನಿಮ್ಮ ಪಕ್ಕದ ಮನೆ ಅಲ್ವಾ, ಅವರ ಮನೆಗೆ ಫೋನ್ ಮಾಡಿದ್ರೆ ಹತ್ತೋದೇ ಇಲ್ಲ’ ಅಂದ್ರು.”

“ಅದು ಅವರಪ್ಪನ ಹಳೇ ನಂಬರು. ಯಾವಾಗಲೋ ಕಳೆದುಹೋಯ್ತು.”

“ಸರಿ ಹೋಯ್ತು! ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇಡ್ತಾರೆ ಮಾರಾಯ್ತಿ. ಎರಡನೇದು ನೀವೆಲ್ಲ ಅಳ್ತಾ ಕೂತಾಗಲೇ ಆಗಿಹೋಯ್ತು. ಇನ್ನು ಮೂರನೇದೊಂದಿದೆ. ಅದಕ್ಕೆ ಅರ್ಜಿ ಹಾಕೋಕೆ ನಾಡಿದ್ದೇ ಕೊನೆ.”

“ಮತ್ತೆ ಎಲ್ಲಾ ಸಬ್ಜೆಕ್ಟೂ ಬರೀಬೇಕಾ?”

“ಯಾಕೆ? ಪಾಸಾಗಿದ್ದು ಪಾಸೇ. ಗಣಿತ ಒಂದು ಬರೆದರೆ ಆಯ್ತು. ನಮ್ಮ ಇರಂ ಹೋದ ವರ್ಷ ಸೈನ್ಸಲ್ಲಿ ಹೋಗಿದ್ದು ಮರೆತೆಯಾ? ಮತ್ತೆ ಬರೆದಳು, ಪಾಸಾದಳು. ಈಗ ದಿನಾ ಬಸ್ ಹತ್ತಿ ಭದ್ರಾವತಿಗೆ ಪಿಯುಸಿಗೆ ಹೋಗ್ತಾಳೆ.”

ಇರಂ ಎಂದರೆ ಸರ್ವರ್ ಬೀಯ ಮೊಮ್ಮಗಳು. ಬೆಳಿಗ್ಗೆ ಬ್ಯಾಗು ಏರಿಸಿಕೊಂಡು ಓಡುವುದನ್ನು ಯಲ್ಲಮ್ಮ ದಿನವೂ ನೋಡುತ್ತಿದ್ದಳು. ಅವಳೂ ಒಮ್ಮೆ ಫೇಲಾಗಿದ್ದಳೆಂಬುದು ಮಾತ್ರ ನೆನಪಿಗೆ ಬಂದಿರಲಿಲ್ಲ.

“ಬರೆದು ಮತ್ತೆ ಫೇಲಾದ್ರೆ? ಅತ್ಲಾಗೆ ಸೀಸನ್ನೂ ಹೋಯ್ತು, ಇತ್ಲಾಗೆ ಓದೂ ಹೋಯ್ತು. ನನಗೆ ಸಾಕಾಗಿದೆ ಅಕ್ಕ. ಅವಳ ಕೈ ಎಷ್ಟು ಚುರುಕು ಗೊತ್ತಾ? ಶೆಡ್ಡಲ್ಲಿ ಎಲ್ಲಾರೂ ಹೊಗಳ್ತಾರೆ.”

“ಪುನೀತ ಪಿಯುಸೀಲಿ ಫೇಲಾದಾಗ ಏನು ಮಾಡಿದೆ?”

ಪುನೀತ ಯಲ್ಲಮ್ಮನ ಮಗ, ಅಕ್ಷಯಾಳ ಅಣ್ಣ. ಅವನು ಅಕೌಂಟ್ಸಿನಲ್ಲಿ ಫೇಲಾದ ವಾರವೇ ಗಂಡ ಹೆಂಡತಿ ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಟ್ಯೂಷನ್ ಹುಡುಕಿದ್ದರು. ಈಗಲೂ ನಸುಕಿನಲ್ಲೆದ್ದು, ಅವನು ಟ್ಯೂಷನ್ನಿಗೆ ಹೊರಡುವಷ್ಟರಲ್ಲಿ ಊಟದ ಡಬ್ಬಿ ಕಟ್ಟಿಕೊಡುವುದು ಅವಳೇ.

“ಅವನು ಗಂಡು ಹುಡುಗ…”

“ಗೊತ್ತು ಬಿಡು. ಅವನ ಹಣೇಲಿ ಏನು ಬರೆದಿದೆ ಅಂತ ಆಗ ಕೇಳಲಿಲ್ಲ ನೀನು. ಅವನಿಗೆ ಯಾವ ಕತ್ತಿ ತಂದೆ ಯಲ್ಲಮ್ಮ?”

ಸರ್ವರ್ ಬೀ ಜೋರಾಗಿ ಹೇಳಿರಲಿಲ್ಲ. ಆದರೂ ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಅಕ್ಷಯಾ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಕಳೆದ ಸೀಸನ್ನಿನ ಕಪ್ಪು ಅವಳ ಉಗುರಿನ ಸಂದಿನಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ.

“ನಿಂಗೆ ಬರೀಬೇಕು ಅಂತ ಇದೆಯೇನೇ?” ಯಲ್ಲಮ್ಮ ಕೇಳಿದಳು.

“ಇದೆ.”

“ಮತ್ತೆ ಬಾಯಿಬಿಟ್ಟು ಹೇಳಬಾರದಿತ್ತಾ?”

“ನೀನು ಕತ್ತಿ ತಂದಿದ್ದೆಯಲ್ಲಮ್ಮ.” ಹುಡುಗಿ ತಲೆ ತಗ್ಗಿಸಿದಳು. “ಗಣಿತ ನಂಗೆ ಬರಲ್ಲ ಅಂತಲ್ಲ. ದಸರಾ ಆದಮೇಲೆ ಸುಲಿತಕ್ಕೆ ಅಂತ ಕರ್ಕೊಂಡು ಹೋಗ್ತಿದ್ದೆಯಲ್ಲ, ಆಗ ಮಾಡಿದ ಪಾಠ ಒಂದೂ ಗೊತ್ತಿಲ್ಲ. ಪೇಪರಲ್ಲಿ ಅವೇ ಬಂದಿದ್ವು.”

ಮಗಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಯಲ್ಲಮ್ಮನೂ ಎರಡು ಮಾತು ಬೈದು ಹಗುರವಾಗುತ್ತಿದ್ದಳು. ಡಬ್ಬ ಬೇಗ ತುಂಬಲೆಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು, ಕೈ ಚುರುಕೆಂದು ಹತ್ತು ಜನರೆದುರು ಹೆಮ್ಮೆಪಟ್ಟಿದ್ದಳು. ಆ ಹೊತ್ತಿನಲ್ಲೇ ಶಾಲೆಯಲ್ಲಿ ಪಾಠ ಮುಂದಕ್ಕೆ ಹೋಗಿತ್ತು.

“ಆ ಪಾಠ ಈಗ ಯಾರು ಹೇಳಿಕೊಡ್ತಾರೆ?” ಎಂದು ಯಲ್ಲಮ್ಮ ಕೇಳಿದಳು, ಇಂಥವರನ್ನೇ ಎಂದಿಲ್ಲದೆ.

“ಫೇಲಾದವರಿಗೆ ಅಂತ ಮೇಡಂ ಸಂಜೆ ಕ್ಲಾಸ್ ತಗೋತಿದಾರೆ. ನಾನೇ ದಿನಾ ನೋಡ್ತೀನಲ್ಲ,” ಎಂದು ಸರ್ವರ್ ಬೀ ಎದ್ದಳು. “ನಾಳೆ ಕೆಲಸಕ್ಕೆ ಹೋಗುವಾಗ ಕೂಗ್ತೀನಿ. ತಾಯಿ ಮಗಳು ಇಬ್ಬರೂ ಹೊರಟಿರಿ.”

ಕತ್ತಲಾಗುವ ಹೊತ್ತಿಗೆ ಮಂಜಪ್ಪ ಬಂದ. ಯಲ್ಲಮ್ಮ ವಿಷಯ ಹೇಳಿದಾಗ ಅವನು ಚಪ್ಪಲಿಯನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕುಸಿದು ಕೂತ.

“ಅವಳು ಬರ್ತಾಳೆ ಅಂತ ಪರಮೇಶಣ್ಣಂಗೆ ಮಾತು ಕೊಟ್ಟಾಗಿದೆಯಲ್ಲೇ.”

“ನಾನು ಹೇಳ್ಕೋತೀನಿ.”

“ಕತ್ತಿ ಬೇರೆ ತಂದಾಯ್ತು.”

“ನನ್ನದು ಸವೆದಿದೆ,” ಎಂದಳು ಯಲ್ಲಮ್ಮ.

ಮಂಜಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಒಳಗೆ ಹಳೆಯ ಗಣಿತ ಪುಸ್ತಕದ ಧೂಳು ಕೊಡವುತ್ತಿದ್ದ ಮಗಳನ್ನು ನೋಡಿದ. “ಬರೀಲಿ ಬಿಡು. ಪುನೀತಂಗೆ ಒಂದು, ಇವಳಿಗೆ ಒಂದು ಅಂತ ಯಾಕೆ,” ಎಂದು ಚಪ್ಪಲಿ ಬಿಚ್ಚಿದ.

ಮಾರನೆಯ ದಿನ ಶಾಲೆಯಲ್ಲಿ ಯಲ್ಲಮ್ಮ ಹೆದರಿದಂಥದ್ದು ಏನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಸುಪ್ರಿಯಾ ಮೇಡಂ ಅರ್ಜಿ ತುಂಬಿಸಿ, ಹೊಸ ಫೋನ್ ನಂಬರ್ ಬರೆದುಕೊಂಡು, ಅಕ್ಷಯಾಳನ್ನು ಅಂದಿನಿಂದಲೇ ಸಂಜೆ ಕ್ಲಾಸಿಗೆ ಬರಹೇಳಿದರು. ಹೊರಡುವಾಗ ಅವರೊಂದು ಮಾತು ಕೇಳಿಕೊಂಡರು. “ಯಲ್ಲಮ್ಮನೋರೆ, ಪರೀಕ್ಷೆ ಮುಗಿಯೋ ತನಕ ಇವಳನ್ನ ಎಲ್ಲಿಗೂ ಕರ್ಕೊಂಡು ಹೋಗಬೇಡಿ. ಅಷ್ಟು ಮಾಡಿದ್ರೆ ಸಾಕು.” ಇಷ್ಟೇನಾ ಎನ್ನಿಸಿತು ಯಲ್ಲಮ್ಮನಿಗೆ. ಇಷ್ಟಕ್ಕಾಗಿ ತಾನು ಶಾಲೆಯ ಗೇಟಿನ ತನಕ ಒಮ್ಮೆಯೂ ಬಂದಿರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಪರೀಕ್ಷೆಗೆ ಇನ್ನೂ ಕೆಲವು ದಿನಗಳಿರುವಾಗಲೇ ಒಂದು ಬೆಳಿಗ್ಗೆ ಪರಮೇಶನ ಗಾಡಿ ಬಂತು. ಈ ಸಲ ಅಡಿಕೆ ಬೇಗ ಕೊಯ್ಲಿಗೆ ಬಂದಿತ್ತು. ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಯಲ್ಲಮ್ಮ ಮಂಡಿ ಹಿಡಿದುಕೊಂಡು ಕೊನೆಗೆ ಹತ್ತಿದಳು. ಹೊಸ ಮೆಟ್ಟುಗತ್ತಿ ಗೋಣಿಯಲ್ಲಿ ಸುತ್ತಿ ಅವಳ ತೊಡೆಯ ಮೇಲಿತ್ತು.

“ಎಲ್ಲಿ, ಹುಡುಗಿ ಬರಲಿಲ್ವಾ?” ಪರಮೇಶ ಕೇಳಿದ. “ಕತ್ತಿ ಮಾತ್ರ ಬಂದಿದೆ!”

“ಅವಳಿಗೆ ಪರೀಕ್ಷೆ ಇದೆ ಪರಮೇಶಣ್ಣ. ಕತ್ತಿ ನನ್ನದೇ.”

ಗಾಡಿ ಹೊರಟಿತು. ಅಂದು ಅವಳ ಡಬ್ಬ ತುಂಬುವುದು ತಡವಾಗುತ್ತದೆ, ಬೆನ್ನು ಇನ್ನಷ್ಟು ನೋಯುತ್ತದೆ. ಅದು ಅವಳಿಗೆ ಗೊತ್ತಿತ್ತು. ಆದರೂ ಪಕ್ಕದಲ್ಲಿ ಮಗಳಿಲ್ಲದ್ದು ಆ ದಿನ ಅವಳಿಗೆ ಭಾರವೆನಿಸಲಿಲ್ಲ.

ಇದನ್ನು ಓದುತ್ತಿರುವ, ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ದಣಿದಿದ್ದೀರಿ, ಗೊತ್ತು. ಆದರೂ ನಿಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ಫೇಲಾಗಿ ಸುಮ್ಮನೆ ಕೂತ ಮಗುವಿದ್ದರೆ, ಅದು ಓದಿದ ಶಾಲೆಗೇ ಹೋಗಿ ಮುಂದಿನ ಪರೀಕ್ಷೆ ಯಾವಾಗ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ಕೇಳಿ. ದಿನಾಂಕ ವರ್ಷ ವರ್ಷವೂ ಬದಲಾಗುತ್ತದೆ, ಆದ್ದರಿಂದ ತಡಮಾಡಬೇಡಿ. ಫೋನ್ ನಂಬರ್ ಬದಲಾಗಿದ್ದರೆ ಶಾಲೆಗೆ ತಿಳಿಸಿ. ಸುಲಿತ ಎಷ್ಟೇ ಜೋರಾಗಿರಲಿ, ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ಶೆಡ್ಡಿಗೆ ಕರೆದೊಯ್ಯಬೇಡಿ. ಮಗನಿಗೆ ಕೊಡುವ ಇನ್ನೊಂದು ಅವಕಾಶವನ್ನು ಮಗಳಿಗೂ ಕೊಡಿ.

ಕಮ್ಮಾರನ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಶಾಲೆಗೆ ಹೋಗಿ ಬನ್ನಿ.