ಗಡ್ಡದ ಮೇಸ್ತ್ರಿಯ ಗದ್ದ

ಎಲ್ಲರ ಬಾಯಲ್ಲೂ ಆತ ಗಡ್ಡದ ಮೇಸ್ತ್ರಿ. ವೆಲ್ಡಿಂಗ್ ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಹಾ ಜಿಪುಣ. ಎದೆಗಿಳಿದ ಗಡ್ಡ ಕಿಡಿ ಬಿದ್ದು ಅಲ್ಲಲ್ಲಿ ಸುಟ್ಟಿದ್ದರೂ ಅದಕ್ಕೆ ಕತ್ತರಿ ತಾಗಿಸಲು ಯಾರಿಗೂ ಬಿಟ್ಟವನಲ್ಲ.

ಆ ವಾರ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಸತು ಲೇಪದ ನೀರಿನ ಪೈಪುಗಳನ್ನು ಬೆಸೆಯುವ ಕೆಲಸ. ಕಿಟಕಿ ಒಂದೂ ಇಲ್ಲ. ಸಂಜೆ ಮನೆಗೆ ಬಂದವನು ಸೆಕೆಯಲ್ಲೂ ಎರಡು ಕಂಬಳಿ ಹೊದ್ದು ಗಡಗಡ ನಡುಗಿದ. ಹೆಂಡತಿ ಹೊಲಿಗೆ ಮೆಷಿನ್ ಬಿಟ್ಟು ಬಂದು ಹಣೆ ಮುಟ್ಟಿದಳು. ಕಾದ ಹೆಂಚು.

"ಹಾಲು ಕೊಡು, ಕುಡಿದ್ರೆ ಹೋಗುತ್ತೆ. ವೆಲ್ಡಿಂಗ್ ಮಾಡೋ ನಮ್ಮವರೆಲ್ಲ ಹಾಗೇ ಮಾಡೋದು," ಎಂದ.

ಬೆಳಿಗ್ಗೆ ಏನೂ ಆಗದವನಂತೆ ಎದ್ದು ಹೋದ. ಸಂಜೆ ಮತ್ತೆ ಅದೇ ನಡುಕ. ಈ ಸಲ ಆಕೆ ಹಾಲು ಕಾಯಿಸಲಿಲ್ಲ. ರೆಟ್ಟೆ ಹಿಡಿದು ಬೀದಿ ತುದಿಯ ಡಾಕ್ಟರಮ್ಮನ ಬಳಿಗೆ ಕರೆದೊಯ್ದು, ಪೈಪಿನ ಕೆಲಸ, ಹಾಲಿನ ಮದ್ದು ಎಲ್ಲ ಹೇಳಿದಳು.

"ಬಾಯೆಲ್ಲ ಸಿಹಿ ಸಿಹಿ ಅನ್ಸುತ್ತಾ?" ಡಾಕ್ಟರಮ್ಮ ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

"ಸತುವಿನ ಹೊಗೆ ಇದು. ಜ್ವರವೇನೋ ನಾಳೆ ಬಿಡುತ್ತೆ, ಆದ್ರೆ ದಿನಾ ಹೀಗಾದ್ರೆ ಶ್ವಾಸಕೋಶ ಏನಾಗ್ಬೇಕು? ಹಾಲಿಗೆ ಅಲ್ಲೇನು ಕೆಲಸ? ಬೆಸೆಯೋ ಜಾಗದ ಲೇಪ ಮೊದಲು ಉಜ್ಜಿ ತೆಗೀರಿ. ಹೊಗೆ ಹೊರಗೆ ಎಳೆಯೋ ಫ್ಯಾನ್ ಇಡಿಸಿ. ಉಜ್ಜುವಾಗ, ಬೆಸೆಯುವಾಗ ಫಿಲ್ಟರ್ ಇರೋ ಮಾಸ್ಕ್ ಹಾಕ್ಕೊಳ್ಳಿ. ಅದು ಚರ್ಮಕ್ಕೆ ಅಂಟಿ ಕೂರಬೇಕು. ಈ ಗಡ್ಡ ಇದ್ರೆ ಆಗಲ್ಲ."

ಕೈಯಲ್ಲಿದ್ದ ಮಗುವನ್ನು ಯಾರೋ ಕಿತ್ತುಕೊಳ್ಳಲು ಬಂದಂತೆ ಮೇಸ್ತ್ರಿ ಗಡ್ಡ ಹಿಡಿದುಕೊಂಡ.

ಮರುದಿನ ಜ್ವರ ಬಿಟ್ಟರೂ ಮುಖ ಊದಿಸಿಕೊಂಡೇ ಕೂತಿದ್ದ. "ಅದೇನು ಹಟ, ಹೇಳಿ," ಎಂದಳು ಹೆಂಡತಿ.

ಗೋಡೆ ನೋಡುತ್ತ ಬಾಯಿಬಿಟ್ಟ: "ನನಗೆ ಗದ್ದನೇ ಇಲ್ಲ ಕಣೆ. ಜೊತೆ ಹುಡುಗ್ರು ಕೋಳಿಮರಿ ಅಂತಿದ್ರು. ನಿನ್ನ ಕಣ್ಣಿಗೆ ಬೀಳೋ ಮುಂಚೆನೇ ಗಡ್ಡ ಬಿಟ್ಟೆ."

ಆಕೆಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣು ತುಂಬಿ ಬಂತು.

"ಗದ್ದದ ಜೊತೆ ಸಂಸಾರ ಮಾಡೋಕೆ ಬಂದ್ನಾ ನಾನು? ಮೊನ್ನೆಯಿಂದ ನಿಮ್ಮ ಉಸಿರು ನೋಡ್ತಾ ಕೂತಿದೀನಿ. ನನಗೆ ಅದು ಬೇಕು, ಅಷ್ಟೇ."

ಅವನು ಕತ್ತೆತ್ತಿ ಕೊಟ್ಟ. ಬಟ್ಟೆಯ ಕತ್ತರಿಯಲ್ಲಿ ಉದ್ದ ಇಳಿಸಿ, ಸೋಪು ಹಚ್ಚಿ, ರೇಜರಿನಿಂದ ಅಂಗುಲ ಅಂಗುಲವಾಗಿ ಬೋಳಿಸಿದಳು. ಬಿಸಿಲು ಕಾಣದ ಕೆನ್ನೆ ಬೆಳ್ಳಗೆ, ಮೆತ್ತಗೆ. ಗದ್ದ ನಿಜಕ್ಕೂ ಇಷ್ಟೇ ಇಷ್ಟು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ.

"ಕೋಳಿಮರಿನೇ," ಎಂದಳು, ಅದನ್ನು ಬೊಗಸೆಯಲ್ಲಿ ಹಿಡಿದು. "ಎಷ್ಟು ಮುದ್ದಾಗಿದೆ! ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟಿದ್ರಲ್ಲ."

ಫ್ಯಾನ್ ಬರುವ ತನಕ ನೆಲಮಾಳಿಗೆಗೆ ಇಳಿಯುವುದಿಲ್ಲ ಎಂದು ಮೇಸ್ತ್ರಿ ಗುತ್ತಿಗೆದಾರನಿಗೆ ಕಡ್ಡಿ ಮುರಿದಂತೆ ಹೇಳಿದ. ಅವನು ಗೊಣಗುತ್ತಲೇ ತರಿಸಿದ. ಕೆಲಸ ಮತ್ತೆ ಶುರುವಾದ ದಿನ ಸಂಜೆ ಮನೆಗೆ ಬಂದಾಗ ಮೂಗಿನಿಂದ ಗದ್ದದವರೆಗೆ ಮಾಸ್ಕಿನ ಅಂಚು ಒತ್ತಿ ಕೆಂಪು ಗೆರೆ ಮೂಡಿತ್ತು. ಆಕೆ ಹತ್ತಿರ ಕೂರಿಸಿಕೊಂಡು ಬೆರಳಿಗೆ ಎಣ್ಣೆ ತೆಗೆದುಕೊಂಡಳು.

"ಮೆಲ್ಲಗೆ, ಉರಿಯುತ್ತೆ," ಎಂದ ಮೇಸ್ತ್ರಿ, ಮುಖವನ್ನು ಇನ್ನಷ್ಟು ಮುಂದೆ ಚಾಚುತ್ತ.